ಡೊಮೈನ್ ಹೋಗುತ್ತೆ ಅಂತ ಹೆದರಿಸುವ ಮೇಲ್ ಬಂದಿದೆ, ಅನುಭವ ಇದ್ದವರು ಹೇಳ್ತೀರಾ?

ಕೊಟ್ಟಿಗೆಹಾರ ಕಡೆಯ ಹೋಂಸ್ಟೇ

ಎಲ್ಲರಿಗೂ ನಮಸ್ಕಾರ. ಕೊಟ್ಟಿಗೆಹಾರದ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಅರ್ಧಕ್ಕಿಂತ ಜಾಸ್ತಿ ಬುಕಿಂಗ್ ನಮ್ಮ ಸ್ವಂತ ವೆಬ್‌ಸೈಟ್‌ನಿಂದಲೇ ಬರುತ್ತದೆ. ಸೈಟ್ ಮಾಡಿಕೊಟ್ಟವನು ಹಾಸನದ ಒಬ್ಬ ಹುಡುಗ. ಡೊಮೈನ್, ಅಂದರೆ ಸೈಟಿನ ವಿಳಾಸದ ಹೆಸರು, ತೆಗೆದುಕೊಂಡಿದ್ದೂ ಅವನೇ. ವರ್ಷಕ್ಕೊಮ್ಮೆ ಅವನು ಹೇಳಿದಷ್ಟು ಫೋನ್‌ಪೇ ಮಾಡುತ್ತೇವೆ. ಈಗ ಅವನು ಬೆಂಗಳೂರಿಗೆ ಹೋಗಿದ್ದಾನೆ.

ಈ ವಾರ ಎರಡು ಮೇಲ್ ಬಂದಿವೆ. ಒಂದರಲ್ಲಿ "ನಿಮ್ಮ ಡೊಮೈನ್ ಅವಧಿ ಮುಗಿಯುತ್ತಿದೆ, 24 ಗಂಟೆಯೊಳಗೆ 7,800 ರೂಪಾಯಿ ಕಟ್ಟದಿದ್ದರೆ ಸೈಟ್ ನಿಲ್ಲುತ್ತದೆ" ಅಂತಿದೆ. ಇನ್ನೊಂದು ಚೀನಾದಿಂದ ಬಂದಿದೆ. ಅಲ್ಲಿನ ಯಾವುದೋ ಕಂಪನಿ ನಮ್ಮ ಹೋಂಸ್ಟೇ ಹೆಸರಲ್ಲಿ ಡಾಟ್ ಸಿಎನ್ ಡೊಮೈನ್ ಕೇಳುತ್ತಿದೆಯಂತೆ. ನಮ್ಮ ತಕರಾರು ಇದ್ದರೆ ಬೇಗ ತಿಳಿಸಬೇಕಂತೆ. ಮಾವನವರು "ಸೀಸನ್ ಟೈಮು, ಸುಮ್ನೆ ಕಟ್ಟಿಬಿಡಮ್ಮ" ಅಂತಿದ್ದಾರೆ. ಕಟ್ಟಬೇಕಾ? ಡೊಮೈನ್ ಅನ್ನು ನಿಜವಾಗಿ ಕದಿಯೋಕೆ ಆಗುತ್ತಾ?

ಹಾಸನದಲ್ಲಿ ವೆಬ್‌ಸೈಟ್ ಕೆಲಸ

ಮೇಡಂ, ಎರಡಕ್ಕೂ ದುಡ್ಡು ಕಟ್ಟಬೇಡಿ. ಉತ್ತರವನ್ನೂ ಕೊಡಬೇಡಿ. ಉತ್ತರ ಕೊಟ್ಟರೆ ಈ ವಿಳಾಸದಲ್ಲಿ ಯಾರೋ ಮೇಲ್ ಓದುತ್ತಾರೆ ಅಂತ ಅವರಿಗೆ ಖಾತ್ರಿಯಾಗುತ್ತದೆ.

ಮೊದಲನೆಯದು ಹಳೇ ಆಟ. ಮುಂಚೆ ಅಂಚೆಯಲ್ಲಿ ಬಿಲ್ಲಿನ ಥರದ ಕಾಗದ ಬರುತ್ತಿತ್ತು. ರಿನ್ಯೂವಲ್ ಅಂದುಕೊಂಡು ಸಹಿ ಹಾಕಿದರೆ ಡೊಮೈನ್ ಬೇರೆ ರಿಜಿಸ್ಟ್ರಾರ್‌ಗೆ (ಡೊಮೈನ್ ಮಾರುವ ಕಂಪನಿಗೆ) ವರ್ಗವಾಗಿ, ಮೂರು ಪಟ್ಟು ದುಡ್ಡು ಕೀಳುತ್ತಿದ್ದರು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥದೇ ಒಂದು ಕಂಪನಿ ಮೇಲೆ 2003ರಲ್ಲೇ ಕೇಸು ಹಾಕಿತ್ತು. ಈಗ ಬರುವ ಮೇಲ್‌ಗಳಲ್ಲಿ ಇನ್ನೊಂದು ಚಾಲಾಕಿತನ ಇದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇದು ಸರ್ಚ್ ಎಂಜಿನ್ ಸೇವೆಯ ಆಫರ್, ಬಿಲ್ ಅಲ್ಲ ಅಂತ ಬರೆದಿರುತ್ತಾರೆ. ಕಟ್ಟಿದರೆ ಡೊಮೈನ್ ಒಂದು ದಿನವೂ ಮುಂದಕ್ಕೆ ಹೋಗುವುದಿಲ್ಲ.

ಮೊತ್ತ ನೋಡಿದರೇ ಗೊತ್ತಾಗುತ್ತದೆ. ಡಾಟ್ ಕಾಮ್ ನೋಡಿಕೊಳ್ಳುವ ವೆರಿಸೈನ್, ರಿಜಿಸ್ಟ್ರಾರ್‌ಗಳಿಂದ ವರ್ಷಕ್ಕೆ ತೆಗೆದುಕೊಳ್ಳುವ ದರ 2024ರ ಸೆಪ್ಟೆಂಬರ್‌ನಲ್ಲಿ 10.26 ಡಾಲರ್ ಆಗಿತ್ತು. ರಿಜಿಸ್ಟ್ರಾರ್ ತನ್ನ ಲಾಭ ಸೇರಿಸಿದರೂ ಮಾಮೂಲಿ ಹೆಸರಿಗೆ 7,800 ಆಗುವುದಿಲ್ಲ.

ಚೀನಾ ಮೇಲ್ ನನ್ನ ಗಿರಾಕಿಗಳಲ್ಲಿ ಎಷ್ಟೋ ಜನಕ್ಕೆ ಬಂದಿದೆ. ಅಲ್ಲಿ ನಿಮ್ಮ ಹೆಸರು ಕೇಳುತ್ತಿರುವ ಕಂಪನಿಯೇ ಇರುವುದಿಲ್ಲ. ನೀವು ಗಾಬರಿಯಾಗಿ ಡಾಟ್ ಸಿಎನ್, ಡಾಟ್ ಏಷ್ಯಾ ಎಲ್ಲವನ್ನೂ ಅವರ ಹತ್ತಿರವೇ ದುಬಾರಿಗೆ ಕೊಳ್ಳಲಿ ಅನ್ನುವುದಷ್ಟೇ ಲೆಕ್ಕ. ಹೊಸ ಹೆಸರು ಕೊಡುವ ಮೊದಲು ಪಕ್ಕದೂರಿನವರ ಒಪ್ಪಿಗೆ ಕೇಳುವ ಪದ್ಧತಿ ಯಾವ ರಿಜಿಸ್ಟ್ರಾರ್‌ಗೂ ಇಲ್ಲ.

ನನಗೆ ಚಿಂತೆ ಆಗಿದ್ದು ನೀವು ನಡುವೆ ಹೇಳಿ ದಾಟಿಸಿದ ಮಾತಿನ ಬಗ್ಗೆ. ಡೊಮೈನ್ ತೆಗೆದುಕೊಂಡಿದ್ದು ಹುಡುಗ ಅಂದಿರಿ. ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮುಂಚೆ, ಮತ್ತೆ ಒಂದು ವಾರದ ಮುಂಚೆ, ರಿಜಿಸ್ಟ್ರಾರ್ ನೋಟಿಸ್ ಕಳಿಸಲೇಬೇಕು. ಮುಗಿದ ಮೇಲೂ ಐದು ದಿನದೊಳಗೆ ಇನ್ನೊಂದು. ಇದು ಜಗತ್ತಿನ ಡೊಮೈನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮ. ಆದರೆ ಅವೆಲ್ಲ ಹೋಗುವುದು ದಾಖಲೆಯಲ್ಲಿರುವ ಇಮೇಲ್‌ಗೆ. ನಕಲಿ ನೋಟಿಸ್ ನಿಮ್ಮ ಸೈಟ್ ನೋಡಿ ವಿಳಾಸ ಹುಡುಕಿಕೊಂಡು ನಿಮ್ಮ ಹತ್ತಿರ ಬಂತು. ಅಸಲಿ ನೋಟಿಸ್ ಆ ಹುಡುಗನ ಇನ್‌ಬಾಕ್ಸ್‌ನಲ್ಲಿ ಬೀಳುತ್ತಿದೆ.

ಇವತ್ತೇ ಒಂದು ಕೆಲಸ ಮಾಡಿ. ಐಕ್ಯಾನ್‌ನ ಲುಕಪ್ ಪುಟಕ್ಕೆ ಹೋಗಿ ನಿಮ್ಮ ಡೊಮೈನ್ ಹಾಕಿ. ಡಾಟ್ ಇನ್ ಆದರೆ ಅದನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ರಿಜಿಸ್ಟ್ರಿಯಲ್ಲಿ (ಹೆಸರುಗಳ ಮೂಲ ದಾಖಲೆಯಲ್ಲಿ) ನೋಡಿ. ಮಾಲೀಕರ ಹೆಸರು ಮುಚ್ಚಿರಬಹುದು. ರಿಜಿಸ್ಟ್ರಾರ್ ಯಾರು, ಅವಧಿ ಯಾವಾಗ ಮುಗಿಯುತ್ತದೆ, ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸದಂತೆ ತಡೆಯುವ ಟ್ರಾನ್ಸ್‌ಫರ್ ಲಾಕ್ ಇದೆಯಾ ಅನ್ನುವುದು ಕಾಣುತ್ತದೆ. ಒಂದು ಸೂಕ್ಷ್ಮ ಇದೆ. ಡಾಟ್ ಕಾಮ್‌ನಲ್ಲಿ ಅವಧಿ ಮುಗಿದ ಕೂಡಲೇ ರಿಜಿಸ್ಟ್ರಿ ತಾನಾಗಿಯೇ ಒಂದು ವರ್ಷ ಮುಂದಿನ ತಾರೀಖು ತೋರಿಸುತ್ತದೆ. ದುಡ್ಡು ಕಟ್ಟಿಲ್ಲದಿದ್ದರೂ ಹಾಗೆ ಕಾಣುತ್ತದೆ. ಹಾಗಾಗಿ ತಾರೀಖು ಈಚೆಗಷ್ಟೇ ಹಾರಿದ್ದರೆ ರಿಜಿಸ್ಟ್ರಾರ್ ಅಕೌಂಟ್ ಒಳಗೆ ಹೋಗಿಯೇ ಖಚಿತ ಮಾಡಿಕೊಳ್ಳಬೇಕು.

ಸಕಲೇಶಪುರ, ತೋಟ ಮತ್ತು ಹೋಂಸ್ಟೇ

ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮಣ್ಣನ ರೆಸಾರ್ಟ್‌ನಲ್ಲಿ ಆಗಿದ್ದು ಹೇಳುತ್ತೇನೆ. ಇದರಲ್ಲಿ ಕಳ್ಳರು ಯಾರೂ ಇಲ್ಲ.

ಸೈಟ್ ಮಾಡಿಕೊಟ್ಟವರು ತುಂಬಾ ಒಳ್ಳೆಯ ಮನುಷ್ಯ. ಎಲ್ಲ ಗಿರಾಕಿಗಳ ಡೊಮೈನ್‌ಗಳನ್ನೂ ತಮ್ಮ ಒಂದೇ ಅಕೌಂಟ್‌ನಲ್ಲಿ ಇಟ್ಟುಕೊಂಡಿದ್ದರು. ಅವರು ಇದ್ದಕ್ಕಿದ್ದಂತೆ ತೀರಿಕೊಂಡರು. ಪಾಸ್‌ವರ್ಡ್ ಮನೆಯವರಿಗೆ ಗೊತ್ತಿಲ್ಲ. ಫೋನ್ ಲಾಕ್. ದುಃಖದಲ್ಲಿರುವ ಅವರ ಹೆಂಡತಿ ಹತ್ತಿರ ಹೋಗಿ ಓಟಿಪಿ ಕೇಳುವುದಕ್ಕೆ ಅಣ್ಣನಿಗೆ ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಅವಧಿ ಮುಗಿದು ಸೈಟ್ ನಿಂತಿತು. ಅದೇ ಡೊಮೈನ್‌ನಲ್ಲಿದ್ದ ಬುಕಿಂಗ್ ಇಮೇಲ್ ಕೂಡ ನಿಂತಿತು.

ರಿಜಿಸ್ಟ್ರಾರ್‌ಗೆ ಬರೆದರೆ ಅವರ ಪ್ರಕಾರ ಮಾಲೀಕ ಆ ತೀರಿಕೊಂಡವರು. ದಾಖಲೆ ಕಳಿಸಿ, ಅವರು ಇನ್ನೊಂದು ಕೇಳಿ, ಮತ್ತೆ ಕಳಿಸಿ, ಮಳೆಗಾಲ ಪೂರ್ತಿ ಇದರಲ್ಲೇ ಹೋಯಿತು. ಕೊನೆಗೆ ಕೈಹಿಡಿದಿದ್ದು ಹಳೇ ಬಿಲ್‌ಗಳು. ಆ ಪುಣ್ಯಾತ್ಮ ಪ್ರತಿ ಬಿಲ್‌ನಲ್ಲೂ ಡೊಮೈನ್ ಹೆಸರು, ಯಾರ ಪರವಾಗಿ ಕಟ್ಟಿದ್ದು ಅಂತ ಬರೆದಿದ್ದರು. ಬರೀ ಫೋನ್‌ಪೇ ಸ್ಕ್ರೀನ್‌ಶಾಟ್ ಮಾತ್ರ ಇದ್ದಿದ್ದರೆ ಏನಾಗುತ್ತಿತ್ತೋ.

ತೋಟ ಯಾರದು ಅಂದರೆ ಪಹಣಿಯಲ್ಲಿ ಯಾರ ಹೆಸರಿದೆ ಅಂತ ನೋಡುತ್ತೇವೆ, ಅಲ್ವಾ? ಡೊಮೈನ್‌ಗೂ ಹಾಗೇ. ನೀವು ಎಷ್ಟು ವರ್ಷ ದುಡ್ಡು ಕೊಟ್ಟಿದ್ದೀರಿ ಅನ್ನುವುದನ್ನು ಮೊದಲು ಯಾರೂ ಕೇಳುವುದಿಲ್ಲ.

ಹುಡುಗನ ಹತ್ತಿರ ಜಗಳಕ್ಕೆ ಹೋಗಬೇಡಿ. ಅದೇ ರಿಜಿಸ್ಟ್ರಾರ್‌ನಲ್ಲಿ ನಿಮ್ಮ ಹೆಸರಲ್ಲಿ ಒಂದು ಅಕೌಂಟ್ ತೆರೆಯಿರಿ. "ಡೊಮೈನ್ ಈ ಅಕೌಂಟಿಗೆ ಹಾಕಪ್ಪ, ಸೈಟ್ ಕೆಲಸ ನೀನೇ ನೋಡಿಕೋ" ಅನ್ನಿ. ಒಂದೇ ರಿಜಿಸ್ಟ್ರಾರ್ ಒಳಗೆ ಅಕೌಂಟ್ ಬದಲಿಸುವುದು ಸಾಮಾನ್ಯವಾಗಿ ಬೇಗ ಆಗುತ್ತದೆ. ಕೆಲಸ ಕಳೆದುಕೊಳ್ಳುವ ಭಯ ಇಲ್ಲದಿದ್ದರೆ ಜನ ಬೇಗ ಒಪ್ಪುತ್ತಾರೆ.

ಚಿಕ್ಕಮಗಳೂರು, ಕಾಫಿ ಪುಡಿ ವ್ಯಾಪಾರ

ಅಕ್ಕ, ಹೆಸರು ಬದಲಿಸುವುದು ಸರಿ. ಆದರೆ ನಮ್ಮ ಕಡೆ ಹೋಂಸ್ಟೇಗಳಿಗೆ ದಿನನಿತ್ಯದ ಕಾಟ ಬೇರೆ ಇದೆ. ನಿಮ್ಮ ಡೊಮೈನ್ ಮುಟ್ಟುವುದೇ ಇಲ್ಲ. ನಡುವೆ ಒಂದು ಅಡ್ಡಗೀಟು ಹಾಕಿಯೋ, ಕೊನೆಗೆ 'ಚಿಕ್ಕಮಗಳೂರು' ಸೇರಿಸಿಯೋ ಹೊಸ ಡೊಮೈನ್ ತೆಗೆದುಕೊಳ್ಳುತ್ತಾರೆ. ನಿಮ್ಮದೇ ಫೋಟೋ, ನಿಮ್ಮದೇ ರೇಟು. ಫೋನ್ ನಂಬರ್ ಮತ್ತು ಕ್ಯೂಆರ್ ಮಾತ್ರ ಅವರದು. ನಮ್ಮ ಪರಿಚಯದವರ ಗೇಟಿಗೆ ಶನಿವಾರ ಸಂಜೆ ಮಕ್ಕಳುಮರಿ ಸಮೇತ ಒಂದು ಕುಟುಂಬ ಬಂದು ನಿಂತಿತ್ತು. ಅಡ್ವಾನ್ಸ್ ಎಲ್ಲಿಗೋ ಹೋಗಿತ್ತು. ಇವರು ರೂಮಿಲ್ಲ ಅಂದರೆ ಅವರು ಇವರನ್ನೇ ಕಳ್ಳರು ಅಂದರು.

ಹಾಗಂತ ಇಪ್ಪತ್ತು ಡೊಮೈನ್ ಕೊಂಡು ಕೂಡಬೇಡಿ. ಅದಕ್ಕೆ ಕೊನೆಯೇ ಇಲ್ಲ. ಡಾಟ್ ಕಾಮ್ ಮತ್ತು ಡಾಟ್ ಇನ್ ಎರಡಿದ್ದರೆ ಸಾಕು ಅಂತ ನನ್ನ ಅಭಿಪ್ರಾಯ. ವಾರಕ್ಕೊಮ್ಮೆ ನಿಮ್ಮ ಹೆಸರನ್ನು ನೀವೇ ಗೂಗಲ್‌ನಲ್ಲಿ ಹುಡುಕಿ. ಮ್ಯಾಪ್‌ನಲ್ಲಿರುವ ಫೋನ್ ನಂಬರ್ ನಿಮ್ಮದೇನಾ ನೋಡಿ, ಅದನ್ನೂ ಬದಲಿಸುತ್ತಾರೆ.

ನಕಲಿ ಸೈಟ್ ಸಿಕ್ಕರೆ ಸ್ಕ್ರೀನ್‌ಶಾಟ್ ತೆಗೆದು, ಅದರ ರಿಜಿಸ್ಟ್ರಾರ್ ಮತ್ತು ಹೋಸ್ಟಿಂಗ್ ಕಂಪನಿಯ (ಸೈಟನ್ನು ತನ್ನ ಸರ್ವರ್‌ನಲ್ಲಿ ಇಟ್ಟಿರುವ ಕಂಪನಿಯ) ಅಬ್ಯೂಸ್ ವಿಳಾಸಕ್ಕೆ, ಅಂದರೆ ದೂರು ಕೊಡುವ ಇಮೇಲ್‌ಗೆ, ಕಳಿಸಿ. ಆ ವಿಳಾಸ ಲುಕಪ್‌ನಲ್ಲೇ ಇರುತ್ತದೆ. 2024ರ ಏಪ್ರಿಲ್‌ನಿಂದ ಡಾಟ್ ಕಾಮ್‌ನಂಥ ಡೊಮೈನ್‌ಗಳಲ್ಲಿ ಫಿಶಿಂಗ್ (ಅಸಲಿಯಂತೆ ನಟಿಸಿ ಮೋಸ ಮಾಡುವುದು) ನಡೆಯುತ್ತಿದೆ ಅಂತ ಸರಿಯಾದ ಪುರಾವೆ ಸಿಕ್ಕರೆ ರಿಜಿಸ್ಟ್ರಾರ್ ಕ್ರಮ ತೆಗೆದುಕೊಳ್ಳಲೇಬೇಕು. "ನಮ್ಮ ಹೆಸರು ಕದ್ದಿದ್ದಾರೆ" ಅಂತ ಮಾತ್ರ ಬರೆದರೆ ಆಗದು. "ಇಲ್ಲಿ ದುಡ್ಡು ಕಟ್ಟಿಸಿಕೊಂಡು ಮೋಸ ಮಾಡುತ್ತಿದ್ದಾರೆ, ಇಗೋ ಪುರಾವೆ" ಅಂತ ಬರೆಯಿರಿ. ದುಡ್ಡು ಕಳೆದುಕೊಂಡ ಗೆಸ್ಟ್‌ಗೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲು ಹೇಳಿ. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆ ಇದೆ, ದೂರು ಅಲ್ಲೇ.

ಇನ್ನೊಂದು ಮೇಲ್ ಬಂದರೂ ಬರಬಹುದು. "ನಿಮ್ಮ ಡೊಮೈನ್ ಲಕ್ಷಗಟ್ಟಲೆಗೆ ಕೊಳ್ಳುತ್ತೇನೆ, ಬೆಲೆ ಕಟ್ಟಿದ ಸರ್ಟಿಫಿಕೇಟ್ ಮಾತ್ರ ಈ ಕಂಪನಿಯಿಂದ ತನ್ನಿ" ಅಂತ. ಸರ್ಟಿಫಿಕೇಟಿನ ಫೀಸ್ ಕಟ್ಟಿದ ಮೇಲೆ ಕೊಳ್ಳುವವನೂ ಇರುವುದಿಲ್ಲ, ಕಂಪನಿಯೂ ಇರುವುದಿಲ್ಲ.

ಬೇಲೂರಿನವನು, ಬೆಂಗಳೂರಲ್ಲಿ ಕೆಲಸ

ಕದಿಯೋಕೆ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತದೆ. ಪರ್ಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಪರ್ಲ್ ಡಾಟ್ ಕಾಮ್ ಡೊಮೈನೇ ಕಳುವಾಗಿತ್ತು. ಜಗತ್ತಿಗೆ ಗೊತ್ತಾಗಿದ್ದು 2021ರ ಜನವರಿ ಕೊನೆಯಲ್ಲಿ. ಅಕೌಂಟ್ ಕೈ ಬದಲಾಗಿದ್ದು 2020ರ ಸೆಪ್ಟೆಂಬರ್‌ನಲ್ಲೇ. ಕಳ್ಳರು ಸೈಟ್ ಮುಟ್ಟದೆ ಸುಮ್ಮನೆ ಕಾದರು. ಡಿಸೆಂಬರ್‌ನಲ್ಲಿ ಒಂದು ರಿಜಿಸ್ಟ್ರಾರ್‌ಗೆ, ಜನವರಿಯಲ್ಲಿ ಇನ್ನೊಂದಕ್ಕೆ ಸಾಗಿಸಿದರು. ಆಮೇಲೆ 1,90,000 ಡಾಲರ್‌ಗೆ ಮಾರಾಟಕ್ಕಿಟ್ಟರು. ಫೆಬ್ರವರಿಯಲ್ಲಿ ಅದು ವಾಪಸ್ ಬಂತು. ಹೆಸರುವಾಸಿ ಸೈಟ್ ಆಗಿದ್ದಕ್ಕೆ ಎಲ್ಲರೂ ಓಡಾಡಿದರು. ನಮ್ಮ ನಿಮ್ಮ ಸೈಟಿಗೆ ಯಾರು ಓಡಾಡುತ್ತಾರೆ?

ಅವರು ಕಾದಿದ್ದಕ್ಕೆ ಕಾರಣ ಇದಿರಬಹುದು. ಮಾಲೀಕರ ವಿವರ ಬದಲಿಸಿದರೆ 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಹೋಗಲು ಸಾಮಾನ್ಯವಾಗಿ ಬಿಡುವುದಿಲ್ಲ. ಆ ಎರಡು ತಿಂಗಳಲ್ಲಿ ನೀವು ಗಮನಿಸಿದರೆ ಬಚಾವ್. "ನಿಮ್ಮ ವಿವರ ಬದಲಾಗಿದೆ", "ಟ್ರಾನ್ಸ್‌ಫರ್ ಕೋಡ್ ಕೇಳಲಾಗಿದೆ" ಅನ್ನುವ ಮೇಲ್ ಬಂದರೆ ಒಳಗಿರುವ ಲಿಂಕ್ ಒತ್ತಬೇಡಿ. ರಿಜಿಸ್ಟ್ರಾರ್ ವಿಳಾಸ ನೀವೇ ಟೈಪ್ ಮಾಡಿ ಒಳಗೆ ಹೋಗಿ ನೋಡಿ.

ಅಕೌಂಟ್ ನಿಮ್ಮ ಕೈಗೆ ಬಂದ ಮೇಲೆ ಇಮೇಲ್ ಕಡೆ ನೋಡಿ. ರಿಜಿಸ್ಟ್ರಾರ್‌ಗೆ ಕೊಡುವ ಇಮೇಲ್ ಆ ಡೊಮೈನ್‌ನದೇ ಆಗಿರಬಾರದು. ಡೊಮೈನ್ ಹೋದರೆ ಪಾಸ್‌ವರ್ಡ್ ರಿಸೆಟ್ ಮೇಲ್ ಕೂಡ ಕಳ್ಳನ ಮನೆಗೇ ಹೋಗುತ್ತದೆ. ಬೇರೆ ಜಿಮೇಲ್ ಇಡಿ. ಅದಕ್ಕೂ ಎರಡು ಹಂತದ ಲಾಗಿನ್ ಹಾಕಿ.

ನಮ್ಮೂರುಗಳ ಸಮಸ್ಯೆ ಇಲ್ಲೇ ಶುರು. ತೋಟದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಓಟಿಪಿ ಬರುವಷ್ಟರಲ್ಲಿ ಟೈಮ್ ಮುಗಿದಿರುತ್ತದೆ. ಅದಕ್ಕೆ ಬೆಂಗಳೂರಿನ ಮಗನ ನಂಬರೋ, ಮ್ಯಾನೇಜರ್ ನಂಬರೋ ಕೊಟ್ಟಿರುತ್ತೇವೆ. ಮ್ಯಾನೇಜರ್ ಕೆಲಸ ಬಿಡುತ್ತಾನೆ. ರೀಚಾರ್ಜ್ ಇಲ್ಲದೆ ಬಿಟ್ಟ ಸಿಮ್ ಕೆಲ ತಿಂಗಳ ನಂತರ ಇನ್ಯಾರಿಗೋ ಹೋಗುತ್ತದೆ. ಅಥೆಂಟಿಕೇಟರ್ ಆಪ್ ಹಾಕಿಕೊಳ್ಳಿ, ಅದಕ್ಕೆ ಸಿಗ್ನಲ್ ಬೇಡ. ಫೋನ್ ಹಾಳಾದರೆ ಬೇಕಾಗುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ತೋಟದ ದಾಖಲೆ ಇರುವ ಬೀರುವಿನಲ್ಲೇ ಇಡಿ.

ಚಿಕ್ಕಮಗಳೂರಿನಲ್ಲಿ ವಕೀಲಿಕೆ

ಕಾನೂನಿನ ಮಾತು ಚುಟುಕಾಗಿ. ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕ್‌ನಂಥ ರಕ್ಷಣೆ ಇದೆ ಅಂತ ಸುಪ್ರೀಂ ಕೋರ್ಟ್ 2004ರಲ್ಲಿ ಸತ್ಯಂ ಇನ್ಫೋವೇ ಕೇಸಿನಲ್ಲಿ ಹೇಳಿದೆ. ಸಿಫಿ ಮತ್ತು ಸಿಫಿನೆಟ್ ಹೆಸರುಗಳ ಜಗಳ ಅದು, ಶುರುವಾಗಿದ್ದು ನಮ್ಮ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್‌ನಲ್ಲೇ.

ನಿಮ್ಮ ಹೆಸರಿನ ಡಾಟ್ ಇನ್ ಅನ್ನು ಯಾರಾದರೂ ದುರುದ್ದೇಶದಿಂದ ತೆಗೆದುಕೊಂಡರೆ ನಿಕ್ಸಿಯ ಡೊಮೈನ್ ವಿವಾದ ನಿಯಮ ಐಎನ್‌ಡಿಆರ್‌ಪಿ ಪ್ರಕಾರ ದೂರು ಕೊಡಬಹುದು. ಡಾಟ್ ಕಾಮ್ ಆದರೆ ಅಂಥದೇ ಐಕ್ಯಾನ್ ನಿಯಮ ಯುಡಿಆರ್‌ಪಿ. ಆ ದೂರು ಕೇಳುವ ವೈಪೋದಲ್ಲಿ (ವಿಶ್ವಸಂಸ್ಥೆಯ ಬೌದ್ಧಿಕ ಆಸ್ತಿ ಸಂಸ್ಥೆ) ಒಬ್ಬ ತೀರ್ಪುಗಾರರಿಗೆ 1,500 ಡಾಲರ್ ಫೀಸ್, ವಕೀಲರ ಖರ್ಚು ಬೇರೆ. ಸಣ್ಣ ಹೋಂಸ್ಟೇಗೆ ಇದು ಜಾಸ್ತಿಯೇ. ಆ ಹುಡುಗ ಡೊಮೈನ್ ಕೊಡಲ್ಲ ಅಂದರೆ ಈ ದಾರಿ ಅಷ್ಟು ಹೊಂದುವುದಿಲ್ಲ, ಯಾಕೆಂದರೆ ಅವನು ತೆಗೆದುಕೊಂಡಿದ್ದು ನಿಮ್ಮ ಮಾತಿನ ಮೇಲೆ. ಅದು ನಿಮ್ಮಿಬ್ಬರ ಕರಾರಿನ ವಿಷಯ. ಈಗಲೇ ವಾಟ್ಸಾಪ್‌ನಲ್ಲಾದರೂ "ಈ ಡೊಮೈನ್ ನಿಮ್ಮದು, ನಾನು ನಿಮ್ಮ ಪರವಾಗಿ ತೆಗೆದುಕೊಂಡಿದ್ದು" ಅಂತ ಬರೆಸಿಕೊಳ್ಳಿ. ಪೂರ್ತಿ ಕಳುವಾದರೆ ಮೊದಲು ರಿಜಿಸ್ಟ್ರಾರ್‌ಗೆ ಲಿಖಿತ ದೂರು, ಅದೇ ದಿನ ಪೊಲೀಸ್ ದೂರು. ನನ್ನ ಹತ್ತಿರ ಆಮೇಲೆ ಬನ್ನಿ.

ಕೊಟ್ಟಿಗೆಹಾರ ಕಡೆಯ ಹೋಂಸ್ಟೇ

ಎಲ್ಲರಿಗೂ ಥ್ಯಾಂಕ್ಸ್. ಲುಕಪ್‌ನಲ್ಲಿ ನೋಡಿದೆ. ಆ ಮೇಲ್ ಕಳಿಸಿದವರಿಗೂ ನಮ್ಮ ರಿಜಿಸ್ಟ್ರಾರ್‌ಗೂ ಸಂಬಂಧವೇ ಇಲ್ಲ. ಅವಧಿ ಮುಗಿಯುವುದು ಬರುವ ಜನವರಿಯಲ್ಲಿ, ಕಾಫಿ ಕೊಯ್ಲಿನ ನಡುವೆ. ಹುಡುಗನಿಗೆ ಫೋನ್ ಮಾಡಿದೆ. "ಅಕ್ಕ, ನಾನೇ ಹೇಳಬೇಕಂತಿದ್ದೆ, ಅಕೌಂಟ್ ತೆರೆಯಿರಿ ಹಾಕಿಕೊಡ್ತೀನಿ" ಅಂದ. ಆಟೋ ರಿನ್ಯೂವಲ್ ಹಾಕಿಬಿಟ್ಟರೆ ಜನವರಿ ಚಿಂತೆ ಇಲ್ಲ, ಅಲ್ವಾ?

ಹಾಸನದಲ್ಲಿ ವೆಬ್‌ಸೈಟ್ ಕೆಲಸ

ಅದನ್ನೇ ನಂಬಬೇಡಿ ಮೇಡಂ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮ ಬಿಗಿಯಾಗಿದೆ. ಕಾರ್ಡ್‌ನಿಂದ ತಾನಾಗಿಯೇ ದುಡ್ಡು ಕಡಿತವಾಗಬೇಕಾದರೆ ಇ-ಮ್ಯಾಂಡೇಟ್, ಅಂದರೆ ಮೊದಲೇ ಕೊಟ್ಟ ಒಪ್ಪಿಗೆ, ಇರಬೇಕು. ಹೊರದೇಶದ ರಿಜಿಸ್ಟ್ರಾರ್ ಆದರೆ ಎಷ್ಟೋ ಸಲ ಪೇಮೆಂಟ್ ಸದ್ದಿಲ್ಲದೆ ಫೇಲ್ ಆಗುತ್ತದೆ. ಆಟೋ ರಿನ್ಯೂವಲ್ ಆನ್ ಅಂತಲೇ ತೋರಿಸುತ್ತಿರುತ್ತದೆ.

ಅವಧಿ ಮುಗಿದರೂ ಡಾಟ್ ಕಾಮ್ ತಕ್ಷಣ ಹೋಗುವುದಿಲ್ಲ. ರಿಜಿಸ್ಟ್ರಾರ್ ಮನಸ್ಸು ಮಾಡಿದರೆ 45 ದಿನದವರೆಗೆ ಸಾಮಾನ್ಯ ದರದಲ್ಲಿ ಉಳಿಸಿಕೊಳ್ಳಬಹುದು. ಅವರು ಅಳಿಸಿದ ಮೇಲೂ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶ ಇದೆ. ಆಮೇಲೆ ಐದು ದಿನ ಯಾರಿಗೂ ಸಿಗದು, ನಂತರ ಯಾರು ಬೇಕಾದರೂ ಕೊಳ್ಳಬಹುದು. ಆದರೆ ಕೆಲವು ರಿಜಿಸ್ಟ್ರಾರ್‌ಗಳು ಇಷ್ಟು ಕಾಯದೆ ಮುಂಚೆಯೇ ಹರಾಜಿಗೆ ಹಾಕುತ್ತವೆ.

ಡಾಟ್ ಕಾಮ್ ಅನ್ನು ಒಟ್ಟು 10 ವರ್ಷದವರೆಗೆ ಮುಂದಕ್ಕೆ ಕಟ್ಟಿಟ್ಟುಕೊಳ್ಳಬಹುದು. ಅಕೌಂಟ್ ಕೈಗೆ ಬಂದ ದಿನವೇ ಐದು ವರ್ಷಕ್ಕೆ ಕಟ್ಟಿ, ಟ್ರಾನ್ಸ್‌ಫರ್ ಲಾಕ್ ಆನ್ ಇದೆಯಾ ನೋಡಿ. ಹುಡುಗ ಡೊಮೈನ್ ವರ್ಗಾಯಿಸುವಾಗ ಡಿಎನ್‌ಎಸ್ ಸೆಟ್ಟಿಂಗ್‌ನ (ಸೈಟ್ ಮತ್ತು ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅನ್ನುವ ದಾಖಲೆಯ) ಒಂದು ಸ್ಕ್ರೀನ್‌ಶಾಟ್ ಕಳಿಸಲು ಹೇಳಿ. ಅಕಸ್ಮಾತ್ ಬುಕಿಂಗ್ ಮೇಲ್ ನಿಂತರೆ ಅದನ್ನು ನೋಡಿ ಸರಿಮಾಡಬಹುದು. ವರ್ಗಾವಣೆಯನ್ನು ವಾರದ ಮಧ್ಯೆ ಇಟ್ಟುಕೊಳ್ಳಿ, ಶನಿವಾರ ಭಾನುವಾರ ಬೇಡ.