ಮಸ್ಟಾಂಗ್ ಮರಿಯ ‘ತಳಿ’, ‘ಲಕ್ಷಣ’, ‘ಮೈಕಟ್ಟು’: ಯಾವ ಪದ ಎಲ್ಲಿಗೆ?

ಗೆಳೆಯರೇ, ಕುದುರೆಯ ಕೆಲವು ಪದಗಳ ಬಗ್ಗೆ ನಿಮ್ಮ ಸಹಾಯ ಬೇಕು. ಮೊದಲು ಸಂದರ್ಭ ಹೇಳಿಬಿಡುತ್ತೇನೆ.

ನಾವಿರುವುದು ಅಮೆರಿಕದ ನೆವಾಡಾದಲ್ಲಿ. ಒಡೆಯನಿಲ್ಲದೆ ಬಯಲಿನಲ್ಲಿ ಅಲೆಯುವ ಮಸ್ಟಾಂಗ್ ಕುದುರೆಗಳು ಈ ದೇಶದಲ್ಲಿ ಅತಿ ಹೆಚ್ಚು ಇರುವ ರಾಜ್ಯ ಇದು. ಕಳೆದ ಏಪ್ರಿಲ್‌ನಲ್ಲಿ ಮಗಳು ಸರ್ಕಾರದಿಂದ ಒಂದು ಹೆಣ್ಣುಮರಿ ದತ್ತು ತಂದಳು. ಅದಕ್ಕಿನ್ನೂ ಎರಡು ವರ್ಷ ತುಂಬಿಲ್ಲ. ಮಾಸಲು ಹಳದಿ ಮೈ. ಬೆನ್ನುದ್ದಕ್ಕೂ ಒಂದು ಕಪ್ಪು ಗೆರೆ, ಕಾಲುಗಳಲ್ಲಿ ಹುಲಿಯ ಮೈಮೇಲಿರುವಂಥ ಅಡ್ಡಪಟ್ಟೆ. ನಮ್ಮಪ್ಪ ಮಂಡ್ಯದ ಕಡೆಯವರು, ಜೀವನವೆಲ್ಲ ಹಳ್ಳಿಕಾರ್ ದನ ಸಾಕಿದವರು. ವಿಡಿಯೊ ಕಾಲ್‌ನಲ್ಲಿ ಮರಿ ನೋಡಿದ ತಕ್ಷಣ ಮೊಮ್ಮಗಳನ್ನು ಕೇಳಿದರು: “ಇದು ಯಾವ್ ತಳೀದು ಮಗಾ?”

ಅಲ್ಲಿಂದ ನನ್ನ ಪ್ರಶ್ನೆ ಶುರುವಾಯಿತು. ಮಸ್ಟಾಂಗ್‌ಗೆ ‘ತಳಿ’ ಎನ್ನಬಹುದೇ?

ನನಗೆ ತಿಳಿದಂತೆ ತಳಿ ಅಂದರೆ ಜನ ಆರಿಸಿ, ಕೂಡಿಸಿ, ಪೀಳಿಗೆಯಿಂದ ಪೀಳಿಗೆಗೆ ಕಾಪಾಡಿಕೊಂಡು ಬಂದದ್ದು. ಹಳ್ಳಿಕಾರ್ ಒಂದು ತಳಿ. ಒಳ್ಳೆಯ ಹೋರಿಯಾದರೆ ಅದರ ತಾಯಿ ಯಾರ ಮನೆಯದು ಅಂತಲೂ ಊರಲ್ಲಿ ಗೊತ್ತಿರುತ್ತದೆ. ಮಸ್ಟಾಂಗ್ ಹಾಗಲ್ಲ. ಸ್ಪೇನಿನವರು 1500ರ ನಂತರ ಹಡಗಿನಲ್ಲಿ ತಂದ ಕುದುರೆಗಳಲ್ಲಿ ಕೆಲವು ತಪ್ಪಿಸಿಕೊಂಡು ಬಯಲು ಸೇರಿದವು. ಆಮೇಲೆ ದನಗಾಹಿಗಳು ಬಿಟ್ಟುಹೋದವು, ಸೈನ್ಯದವು, ಗಾಡಿ ಎಳೆಯುವ ಭಾರೀ ಕುದುರೆಗಳು, ಓಟದ ಕುದುರೆಗಳ ರಕ್ತ ಎಲ್ಲ ಬೆರೆಯಿತು. ಒಂದೊಂದು ಕಣಿವೆಯ ಹಿಂಡಿನಲ್ಲಿ ಒಂದೊಂದು ಬಗೆಯ ಬೆರಕೆ. ಮೊಂಟಾನಾದ ಪ್ರಯರ್ ಬೆಟ್ಟದ ಹಿಂಡು, ಒರೆಗಾನ್‌ನ ಕೈಗರ್ ಹಿಂಡು ಇಂಥ ಕೆಲವದರಲ್ಲಿ ಹಳೆಯ ಸ್ಪೇನಿನ ಗುಣ ಜಾಸ್ತಿ ಉಳಿದಿದೆ. ಹಾಗಾಗಿ ಇಲ್ಲಿ ಕೇಳಬೇಕಾದ್ದು ‘ಯಾವ ತಳಿ’ ಅಂತಲ್ಲ, ‘ಯಾವ ಹಿಂಡಿನದು’ ಅಂತ. ನಾನು ಅಪ್ಪನಿಗೂ ಹಾಗೇ ಹೇಳಿದೆ. ಅವರಿಗೆ ಅದು ತಕ್ಷಣ ಅರ್ಥವಾಯಿತು.

‘ಮಸ್ಟಾಂಗ್’ ಪದದ ಮೂಲವೂ ಇದಕ್ಕೆ ಹೊಂದುತ್ತದೆ. ಅದು ಸ್ಪ್ಯಾನಿಷ್‌ನ ‘ಮೆಸ್ತೆಂಗೊ’ದಿಂದ ಬಂದದ್ದು. ಒಡೆಯನಿಲ್ಲದೆ ಅಲೆಯುವ ಸಾಕುಪ್ರಾಣಿ ಅಂತ ಅರ್ಥ. ನಮ್ಮ ‘ಬೀಡಾಡಿ’ ಅದೇ ಅಲ್ವಾ? ಕನ್ನಡದ ಬರಹಗಳಲ್ಲಿ ‘ಕಾಡುಕುದುರೆ’ ಎಂದು ಓದಿದ್ದೇನೆ. ಆದರೆ ಇವು ಇರುವುದು ಕಾಡಿನಲ್ಲಲ್ಲ, ಕುರುಚಲು ಗಿಡದ ಒಣ ಬಯಲಿನಲ್ಲಿ. ಹುಲಿ, ಜಿಂಕೆಗಳಂತೆ ಹುಟ್ಟಾ ಕಾಡುಪ್ರಾಣಿಯೂ ಅಲ್ಲ. ‘ಬೀಡಾಡಿ ಕುದುರೆ’ ಅರ್ಥದಲ್ಲಿ ಸರಿಯಾಗಿದೆ, ಆದರೆ ಆ ಪದದಲ್ಲಿ ಒಂದು ತಾತ್ಸಾರ ಇದೆ. 1971ರ ಕಾನೂನು ಈ ಕುದುರೆಗಳನ್ನು ಇಲ್ಲಿನ ಚರಿತ್ರೆಯ ಜೀವಂತ ಗುರುತು ಎಂದು ಕರೆದು ಕಾಪಾಡಿದೆ. ಅಂಥದ್ದಕ್ಕೆ ಬೀದಿ ದನದ ಪದ ಹಾಕಲು ನನಗೆ ಮನಸ್ಸು ಬರುತ್ತಿಲ್ಲ. ‘ಬಯಲುಕುದುರೆ’ ಹೇಗೆ?

ಇನ್ನು ಮುಖ್ಯ ಪದಕ್ಕೆ ಬರುತ್ತೇನೆ. ಕುದುರೆ ಬಲ್ಲವರು ಇಲ್ಲಿ ‘ಕನ್ಫರ್ಮೇಶನ್’ ಎನ್ನುತ್ತಾರೆ. ಎಲುಬು, ಕೀಲು, ಕಾಲುಗಳ ಇಳಿಜಾರು, ಎದೆಯ ಅಗಲ, ಬೆನ್ನಿನ ಉದ್ದ ಒಂದಕ್ಕೊಂದು ಹೇಗೆ ಹೊಂದಿವೆ, ಸವಾರನ ಭಾರ ಹೊತ್ತು ಎಷ್ಟು ವರ್ಷ ಕುಂಟದೆ ನಡೆದೀತು ಎಂದು ನೋಡುವುದು. ನಿಘಂಟುಗಳು ‘ಅಂಗರಚನೆ’ ಎನ್ನುತ್ತವೆ, ಅದು ಪಾಠದ ಪದ. ‘ಲಕ್ಷಣ’ ಎನ್ನೋಣ ಎಂದರೆ ನಮ್ಮಲ್ಲಿ ಅದು ಸುಳಿ, ಶುಭ, ಅಶುಭದ ಕಡೆಗೆ ಜಾರುತ್ತದೆ. ನಾಲ್ಕು ಕಾಲೂ ಮುಖವೂ ಬೆಳ್ಳಗಿದ್ದರೆ ‘ಪಂಚಕಲ್ಯಾಣಿ’ ಎಂದು ನಮ್ಮವರು ಮೆಚ್ಚುತ್ತಾರೆ. ಆದರೆ ಆ ಬಿಳುಪಿಗೂ ಕಾಲಿನ ಗಟ್ಟಿತನಕ್ಕೂ ಸಂಬಂಧವಿಲ್ಲ. ‘ಮೈಕಟ್ಟು’ ನನಗೆ ತುಂಬ ಹಿಡಿಸಿದ ಪದ. ಜನರ ಬಾಯಲ್ಲಿದೆ, ದನಕ್ಕೂ ಮನುಷ್ಯರಿಗೂ ಸಲ್ಲುತ್ತದೆ. ಒಂದೇ ಅಳುಕು ಎಂದರೆ ‘ಮೈಕಟ್ಟು’ ಎಂದಾಗ ಕೆಲವರ ಕಣ್ಣಿಗೆ ಬರೀ ಮಾಂಸಖಂಡ ಬರುತ್ತದೆ.

ಮರಿಯ ವಿಷಯದಲ್ಲಿ ಈ ವ್ಯತ್ಯಾಸ ತುಂಬ ಮುಖ್ಯ. ಈ ವಯಸ್ಸಿನಲ್ಲಿ ಕುದುರೆ ಒಂದೇ ಸಮ ಬೆಳೆಯುವುದಿಲ್ಲ. ಹಿಂಭಾಗ ಮೊದಲು ಏಳುತ್ತದೆ, ಮುಂಭಾಗ ಆಮೇಲೆ. ನಮ್ಮ ಮರಿಯೂ ಈಗ ಮುಂದಕ್ಕೆ ಇಳಿಜಾರಾಗಿ ನಿಂತಂತೆ ಕಾಣುತ್ತದೆ. ಚಳಿಗಾಲದ ದಟ್ಟ ಕೂದಲು, ಬಯಲಿನ ತೆಳು ಮೇವು ಸೇರಿ ಎದೆ ಸಣ್ಣ, ಹೊಟ್ಟೆ ದಪ್ಪ ಅನ್ನಿಸುತ್ತದೆ. ಇದೆಲ್ಲ ಬದಲಾಗುತ್ತದೆ. ಐದಾರು ವರ್ಷದವರೆಗೂ ಮೈ ತುಂಬಿಕೊಳ್ಳುತ್ತಲೇ ಇರುತ್ತದೆ. ಆದರೆ ಹಿಂಗಾಲಿನ ಕೋನ, ಗೊರಸಿನ ಮೇಲಿನ ಕೀಲಿನ ಇಳಿಜಾರು ಅಷ್ಟಾಗಿ ಬದಲಾಗುವುದಿಲ್ಲ. ಅಪ್ಪ ಪರದೆಯಲ್ಲೇ ನೋಡಿ “ಹೊಟ್ಟೆ ಬಿಡು, ಕಾಲ್ ತೋರ್ಸು, ಹಿಂದಿಂದ ನಡೆಸು” ಅಂದರು. ಇಲ್ಲಿ ತರಬೇತಿ ಕೊಡುವವರು ಹೇಳಿದ್ದೂ ಅದೇ.

ಬಣ್ಣ ನೋಡಿ ಹುಟ್ಟು ಹೇಳಬಹುದೇ ಎಂಬುದು ಇನ್ನೊಂದು ಮಾತು. ಬೆನ್ನಗೆರೆ ಕಂಡ ಕೂಡಲೇ “ಸ್ಪೇನಿನ ರಕ್ತ” ಎಂದು ಇಬ್ಬರು ಮೂವರು ಹೇಳಿದರು. ಆದರೆ ಇದೇ ಗೆರೆ ನಾರ್ವೆಯ ಫ್ಯೋರ್ಡ್ ಕುದುರೆಗೂ ಇದೆ, ಮಂಗೋಲಿಯಾದ ಕಾಡುಕುದುರೆಗೂ ಇದೆ. ಕತ್ತಿನ ಎಡಗಡೆ ಸರ್ಕಾರ ಹಾಕಿದ ಬಿಳಿ ಗುರುತಿನಲ್ಲಿ ಹುಟ್ಟಿದ ವರ್ಷ, ನೋಂದಣಿ ಸಂಖ್ಯೆ ಇವೆ. ತಂದೆ ತಾಯಿಯ ಸುದ್ದಿ ಇಲ್ಲ. (ಈ ಗುರುತು ಕಾಯಿಸಿದ ಕಬ್ಬಿಣದ್ದಲ್ಲ. ದ್ರವ ಸಾರಜನಕದಲ್ಲಿ ಅದ್ದಿದ ಅಚ್ಚನ್ನು ಒತ್ತುತ್ತಾರೆ, ಅಲ್ಲಿ ಕೂದಲು ಬೆಳ್ಳಗೆ ಬೆಳೆಯುತ್ತದೆ. ‘ಬರೆ’ ಎಂದರೆ ಬೆಂಕಿ ನೆನಪಾಗುತ್ತದೆ. ‘ಚಳಿಬರೆ’ ಎನ್ನಬಹುದೇ?) ಹಲ್ಲು ನೋಡುವುದರಲ್ಲಿ ಮಾತ್ರ ನಮ್ಮ ಪದಗಳು ಸಾಕಷ್ಟು ಹೊಂದುತ್ತವೆ. ಕುದುರೆಗೆ ಸುಮಾರು ಎರಡೂವರೆ ವರ್ಷಕ್ಕೆ ಮುಂದಿನ ನಟ್ಟನಡುವಿನ ಹಾಲುಹಲ್ಲು ಬಿದ್ದು ಹೊಸವು ಬರುತ್ತವೆ, ಐದಕ್ಕೆ ಬಾಯ್ಗೂಡುತ್ತದೆ, ಅಂದರೆ ಹಾಲುಹಲ್ಲೆಲ್ಲ ಹೋಗಿ ಹೊಸ ಹಲ್ಲು ತುಂಬಿಕೊಳ್ಳುತ್ತವೆ.

ನನಗೆ ನಿಜವಾಗಿ ಸಿಗದೆ ಕಾಡುತ್ತಿರುವ ಪದ ಬೇರೆಯೇ. ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿ, ಎರಡು ಹೆಗಲ ಮೂಳೆಗಳ ನಡುವೆ ಏಳುವ ದಿಣ್ಣೆಗೆ ಕನ್ನಡದಲ್ಲಿ ಏನೆನ್ನುತ್ತಾರೆ? ಜೀನು ಜಾರದೆ ಕೂರುವುದು ಅದರ ಆಸರೆಯಲ್ಲಿ. ಕುದುರೆಯ ಎತ್ತರ ಅಳೆಯುವುದೂ ಅಲ್ಲಿಗೇ. ಎತ್ತಿನ ‘ಹಿಣಿಲು’ ಎನ್ನಲಾಗದು. ಅದು ಮಾಂಸದ್ದು, ಇದು ಬೆನ್ನೆಲುಬಿನದು. ಜೀನು, ಲಗಾಮು, ರಿಕಾಪು ಎಲ್ಲ ಪಾರ್ಸಿಯಿಂದ ಬಂದು ಕನ್ನಡದವೇ ಆದವು. ಕುದುರೆಯ ಮೈಯ ಈ ಭಾಗಕ್ಕೂ ಸವಾರರು, ಲಾಯದವರು ಏನೋ ಒಂದು ಹೇಳಿರಲೇಬೇಕು. ಅಳತೆಯ ಪದವೂ ಬೇಕು. ಇಲ್ಲಿ ನಾಲ್ಕು ಇಂಚಿಗೆ ಒಂದು ‘ಕೈ’. ‘14 ಕೈ ಎತ್ತರ’ ಎಂದರೆ ನಮ್ಮವರಿಗೆ ಆನೆಯೇ ಕಂಡೀತು. ಅಂಗೈ ಅಗಲಕ್ಕೆ ಹತ್ತಿರವಾದ ‘ಹಿಡಿ’ ಸರಿಹೋದೀತೇ?

ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಕೆಲಸ ಮಾಡಿದವರು, ಮೈಸೂರಲ್ಲಿ ಜಟಕಾ ಓಡಿಸಿದವರ ಮನೆಯವರು ನಿಮಗೆ ಪರಿಚಯವಿದ್ದರೆ ದಯವಿಟ್ಟು ಕೇಳಿ ತಿಳಿಸಿ. ಅವರು ಹೇಳಿದ್ದನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆದರೆ ಒಳ್ಳೆಯದು.