ಪದಚರ್ಚೆ: ಕಟ್ಟಡ ಸಂಹಿತೆ ‘ಜಾರಿ’ಯಾಗಿದೆ ಅಂದರೆ ಏನಾಗಿದೆ?

ಬಲ್ಲವರಿಗೆ ನಮಸ್ಕಾರ.

ಕಟ್ಟಡ ಸಂಹಿತೆಯ (ಬಿಲ್ಡಿಂಗ್ ಕೋಡ್) ನಿಯಮಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗ ‘ಜಾರಿ’ಯೊಂದೇ ಮೂರು ಕಡೆ ದುಡಿಯುತ್ತಿದೆ. ನಿಯಮಕ್ಕೆ ಕಾನೂನಿನ ಬಲ ಬಂದರೂ ಜಾರಿ, ಕಚೇರಿಯವರು ನೋಡಿ ಸಹಿ ಹಾಕಿದರೂ ಜಾರಿ, ಮೇಸ್ತ್ರಿ ಅದರಂತೆ ಕಟ್ಟಿದರೂ ಜಾರಿ. ಇದರಿಂದ ಓದುಗರು ನಿಜಕ್ಕೂ ದಾರಿ ತಪ್ಪುತ್ತಾರೆ.

ನೇಪಾಳವನ್ನೇ ನೋಡಿ. 1988ರ ಭೂಕಂಪದ ಬಳಿಕ ಅಲ್ಲಿನ ಸಂಹಿತೆ ಸಿದ್ಧವಾದದ್ದು 1994ರಲ್ಲಿ. ಲಲಿತಪುರ ನಗರಾಡಳಿತ ಅದನ್ನು ಮನೆ ಪರವಾನಗಿಗೆ ಜೋಡಿಸಿದ್ದು 2003ರಲ್ಲಿ. ಅಲ್ಲಿ ಪರವಾನಗಿ ಎರಡು ಕಂತಿನದು: ಮೊದಲು ಅಡಿಪಾಯದ ಮೇಲಿನ ನೆಲಮಟ್ಟ, ಅಂದರೆ ಪ್ಲಿಂತ್‌ವರೆಗೆ, ಅದನ್ನು ನೋಡಿದ ಮೇಲೆ ಮಿಕ್ಕ ಕಟ್ಟಡಕ್ಕೆ. ಕೊನೆಗೆ ಕಟ್ಟಡ ನೋಡಿ, ಕೆಲಸ ಪೂರ್ಣಗೊಂಡಿದೆ ಎಂಬ ಪ್ರಮಾಣಪತ್ರ. ಕ್ರಮ ಒಳ್ಳೆಯದೇ. ಆದರೆ ಮೇಲಂತಸ್ತಿನ ಕಾಲಂ ರಿಂಗ್ (ಕಂಬದ ಉದ್ದ ಕಂಬಿಗಳನ್ನು ಸುತ್ತುವ ಕಂಬಿ ಬಳೆ) ಕಟ್ಟುವುದು ಈ ಎರಡು ಭೇಟಿಗಳ ನಡುವೆ. ಕಾಂಕ್ರೀಟ್ ಬಿದ್ದ ಮೇಲೆ ಅದು ಯಾರ ಕಣ್ಣಿಗೂ ಕಾಣದು.

ಸಹಿ ಬಿದ್ದ ಮಾತ್ರಕ್ಕೆ ನಿಯಮದಂತೆ ಕಟ್ಟಿದ್ದಾರೆ ಎನ್ನಲಾಗದು; ಎಡವುವುದು ಅಲ್ಲೇ. ನಮ್ಮಲ್ಲಿ ಭೂಕಂಪ ತಾಳುವ ಕಾಂಕ್ರೀಟ್ ಕಟ್ಟಡಗಳಿಗಾಗಿ ಇರುವ ಭಾರತೀಯ ಮಾನಕ 13920 (2016) ಪ್ರಕಾರ ರಿಂಗಿನ ತುದಿ 135 ಡಿಗ್ರಿ ಬಾಗಿ (ಇದೇ ಹುಕ್) ಒಳಗಿನ ಕಾಂಕ್ರೀಟಿಗೆ ಹೊಗಬೇಕು. ಬಾಗಿದ ಮೇಲಿನ ಉದ್ದ ಕಂಬಿಯ ವ್ಯಾಸದ ಆರು ಪಟ್ಟು, 65 ಮಿಮೀಗೆ ಕಡಿಮೆಯಿಲ್ಲ. 8 ಮಿಮೀ ಕಂಬಿಗೆ ಆರು ಪಟ್ಟು ಅಂದರೆ 48 ಮಿಮೀ ಮಾತ್ರ, ಹಾಗಾಗಿ ಅಲ್ಲಿ 65 ಮಿಮೀಯೇ ಲೆಕ್ಕ. 300 ಮಿಮೀ ಕಾಲಂನಲ್ಲಿ ಬೀಮ್ ಕೂಡುವೆಡೆಯ ಹತ್ತಿರ ರಿಂಗುಗಳ ಅಂತರ 75 ಮಿಮೀ ಮೀರಬಾರದು. ಬಾಗಿಸಲು ಸಲೀಸೆಂದು 90 ಡಿಗ್ರಿಗೇ ಬಿಟ್ಟರೆ, ಭೂಮಿ ನಡುಗಿ ಹೊರಪದರ ಉದುರಿದಾಗ ರಿಂಗ್ ಬಿಚ್ಚಿಕೊಳ್ಳುತ್ತದೆ, ಉದ್ದದ ಕಂಬಿಗಳು ಹೊರಕ್ಕೆ ಬಾಗುತ್ತವೆ.

‘ರಾಷ್ಟ್ರೀಯ ಕಟ್ಟಡ ಸಂಹಿತೆ ದೇಶದಲ್ಲಿ ಜಾರಿಯಲ್ಲಿದೆ’ ಎಂಬ ವಾಕ್ಯವೂ ತಪ್ಪು. ಭಾರತದ 2016ರ ಆ ಸಂಹಿತೆ ಶಿಫಾರಸು ಮಾತ್ರ. ರಾಜ್ಯವೋ ನಗರಸಭೆಯೋ ತನ್ನ ಬೈಲಾದಲ್ಲಿ ಅಳವಡಿಸಿಕೊಂಡ ಮೇಲಷ್ಟೇ ಕಟ್ಟುಪಾಡು.

ನನ್ನ ಸಲಹೆ: ಕಾನೂನಿನ ಬಲಕ್ಕೆ ‘ಜಾರಿ’, ಕಚೇರಿಯ ಕೆಲಸಕ್ಕೆ ‘ತಪಾಸಣೆ’, ಕಟ್ಟುವಲ್ಲಿ ನಡೆಯುವುದಕ್ಕೆ ‘ಪಾಲನೆ’. ‘ಅನುಷ್ಠಾನ’ ಮೂರನ್ನೂ ಒಟ್ಟಿಗೆ ಹೇಳುವಾಗ ಮಾತ್ರ ಇರಲಿ. ‘ಶೇಕಡಾ ಇಷ್ಟು ಜಾರಿ’ ಎಂದು ಯಾರಾದರೂ ಬರೆದರೆ ಮೂರರಲ್ಲಿ ಯಾವುದನ್ನು ಎಣಿಸಿದ್ದು ಎಂದು ಕೇಳಲೇಬೇಕು.

ಒಂದು ಪದ ಮಾತ್ರ ಸಿಕ್ಕಿಲ್ಲ. ಕಂಬಿ ಕಟ್ಟುವವರ ಕೈಪಿಡಿಗೆ 135 ಡಿಗ್ರಿ ಹುಕ್ಕಿಗೆ ‘ಒಳಮಡಿಕೆ’ ಎಂದು ಬರೆದರೆ ಅರ್ಥವಾದೀತೇ? ಬೀದರ್, ಉಡುಪಿ, ಮೈಸೂರು ಕಡೆ ಕಂಬಿ ಬಾಗಿಸುವವರು ಇದಕ್ಕೆ ಏನನ್ನುತ್ತಾರೆ, ತಿಳಿದವರು ಬರೆಯಿರಿ.