ಸಹಾಯ ಬೇಕು: ಕೊಡಗಿನ ನಕ್ಷೆಯಲ್ಲಿ ಅಕ್ಷರ ಸರಿಯಾಗಿ ಕೂರುತ್ತಿಲ್ಲ

ನಮಸ್ಕಾರ. ನಾನು ಡಿಸೈನ್ ವಿದ್ಯಾರ್ಥಿನಿ, ಊರು ಮಡಿಕೇರಿ. ಕಾಲೇಜಿನ ಪ್ರಾಜೆಕ್ಟ್‌ಗೆ ಎ3 ಹಾಳೆಯಲ್ಲಿ ಕೊಡಗಿನ ನಕ್ಷೆ ಮಾಡುತ್ತಿದ್ದೇನೆ. ಊರುಗಳ ಹೆಸರಿಗೆ ನೋಟೋ ಸ್ಯಾನ್ಸ್, ನದಿಗಳ ಹೆಸರಿಗೆ ಟೀರೋ ಕನ್ನಡ ಫಾಂಟ್ ಬಳಸಿದ್ದೇನೆ.

ತಲೆನೋವು ಒತ್ತಕ್ಷರದ್ದು. ಲಕ್ಷ್ಮಣತೀರ್ಥದ ಹೆಸರನ್ನು ನದಿಯ ತಿರುವಿನ ಜೊತೆ ಬಗ್ಗಿಸಿದರೆ ‘ಕ್ಷ್ಮ’ದ ಕೆಳಗಿನ ಒತ್ತುಗಳು ನೀಲಿ ಗೆರೆಗೆ ತಾಗುತ್ತವೆ. ಮೇಲೆತ್ತಿದರೆ ಹೆಸರು ಯಾವ ನದಿಯದ್ದು ಅಂತಲೇ ಗೊತ್ತಾಗುವುದಿಲ್ಲ. ಇಂಗ್ಲಿಷ್ ನಕ್ಷೆಯವರಿಗೆ ಈ ಕಾಟ ಕಡಿಮೆ, ಅಲ್ವಾ? ಪೊನ್ನಂಪೇಟೆ, ಗೋಣಿಕೊಪ್ಪಲು ಅಕ್ಕಪಕ್ಕ ಇರುವುದರಿಂದ ಅಲ್ಲಂತೂ ಗಿಜಿಗಿಜಿ.

ಬ್ರಹ್ಮಗಿರಿ ಬೆಟ್ಟಸಾಲಿನ ಹೆಸರನ್ನು ಅಕ್ಷರ ಬಿಡಿಸಿ ಉದ್ದಕ್ಕೆ ಹರಡಬಹುದೇ, ಅಥವಾ ಕನ್ನಡದಲ್ಲಿ ಅದು ಓದಲು ಕಷ್ಟವೇ? ತಡಿಯಂಡಮೋಳ್ ಶಿಖರದ ಪಕ್ಕ ಬರೆದ ಎತ್ತರದ ಅಂಕಿ (1,748 ಮೀಟರ್) ಎಷ್ಟು ಚಿಕ್ಕದಿರಬೇಕು?

ಸುಮ್ನೆ ‘ಚೆನ್ನಾಗಿದೆ’ ಅನ್ನಬೇಡಿ, ಅದನ್ನು ಅಮ್ಮ ಆಗಲೇ ಹೇಳಿದ್ದಾರೆ. ನಕ್ಷೆಯ ಫೋಟೋ ಕೆಳಗಿದೆ. ತಪ್ಪು ಕಂಡಲ್ಲಿ ಕೆಂಪು ಗುರುತು ಹಾಕಿ ಕಳಿಸಿ.